ಗುಳಿಗೆ ಬಿಡದೆ ಬಸುರಿಯಾದೆ

ನನಗೆ ಬೈಪೋಲಾರ್ ಕಾಯಿಲೆ ಇದೆ. ಕಾಲೇಜು ಮುಗಿಸುವ ಹೊತ್ತಿಗೆ ಶುರುವಾಗಿದ್ದು. ಕೆಲವು ವಾರ ನಿದ್ದೆಯೇ ಬೇಡ, ಮಾತು ನಿಲ್ಲೋದಿಲ್ಲ, ಕೈಯಲ್ಲಿದ್ದ ದುಡ್ಡೆಲ್ಲ ಖರ್ಚು. ಆಮೇಲೆ ತಿಂಗಳುಗಟ್ಟಲೆ ಹಾಸಿಗೆ ಬಿಟ್ಟು ಏಳೋಕಾಗದ ಸ್ಥಿತಿ. ಒಮ್ಮೆ ಆಸ್ಪತ್ರೆಗೂ ಸೇರಿಸಬೇಕಾಯಿತು. ಅಲ್ಲಿಂದ ಸೋಡಿಯಂ ವಾಲ್ಪ್ರೊಯೇಟ್ ಅನ್ನೋ ಗುಳಿಗೆ ತಗೊಳ್ತಾ ಇದ್ದೆ. ಅದರಿಂದ ನಿಜವಾಗಿಯೂ ಗುಣ ಕಂಡಿತ್ತು. ಕೆಲಸಕ್ಕೆ ಸೇರಿದೆ, ಮದುವೆಯಾಯಿತು, ದಾವಣಗೆರೆಯ ವಿದ್ಯಾನಗರದಲ್ಲಿ ಮನೆ ಮಾಡಿದೆವು. ನನಗೆ ಹೀಗಿದೆ ಅಂತ ನಮ್ಮನೆಯವರಿಗೂ ಅತ್ತೆಗೂ ಮದುವೆಗೆ ಮೊದಲೇ ಹೇಳಿದ್ದೆವು. ಮುಂದೆ ನಡೆದಿದ್ದೆಲ್ಲ ನಡೆಯೋಕೆ ಸಾಧ್ಯವಾಗಿದ್ದು ಅದರಿಂದಲೇ.

ಮಗು ಬೇಕು ಅಂತ ನಾವಿಬ್ಬರೂ ಮಾತಾಡಿಕೊಂಡಾಗ ನನ್ನ ತಲೆಯಲ್ಲಿದ್ದ ಪ್ರಶ್ನೆ ಒಂದೇ. ಈ ಗುಳಿಗೆ ಹೊಟ್ಟೆಯಲ್ಲಿರೋ ಮಗುವಿಗೆ ಏನು ಮಾಡುತ್ತೆ? ಮೊದಲ ಸಲ ಇದನ್ನು ಬರೆದುಕೊಟ್ಟವರು ಬಸಿರಿನ ವಿಷಯ ಎತ್ತಲೇ ಇಲ್ಲ. ವಯಸ್ಸಿನ ಹುಡುಗಿಗೆ ಈ ಔಷಧಿ ಕೊಡುವಾಗ ಅದನ್ನೇ ಮೊದಲು ಹೇಳಬೇಕಿತ್ತು. ಆ ಸಿಟ್ಟು ಈಗಲೂ ಇದೆ. ಆಮೇಲೆ ಒಂದು ನರ್ಸಿಂಗ್ ಹೋಮಿನಲ್ಲಿ ಕೇಳಿದೆವು. "ಈಗ್ಲೇ ಯಾಕೆ ತಲೆ ಕೆಡಿಸ್ಕೋತೀರಿ, ಡೇಟ್ ನಿಂತ ಮೇಲೆ ಬನ್ನಿ, ಆಗ ಎಲ್ಲಾ ಗುಳಿಗೆ ನಿಲ್ಲಿಸಿದ್ರಾಯ್ತು" ಅಂದರು. ಕೇಳೋಕೆ ಸಮಾಧಾನದ ಮಾತು. ಆದರೆ ಆ ಮಾತಿನ ಅರ್ಧ ಭಾಗ ಮಗುವಿಗೆ ಅಪಾಯ, ಇನ್ನರ್ಧ ನನಗೆ ಅಪಾಯ ಅಂತ ತಿಳಿದಿದ್ದು ನಮ್ಮ ಮನೋವೈದ್ಯೆ ಮೇಡಂ ಹತ್ರ ಕೂತು ಮಾತಾಡಿದ ಮೇಲೆ.

ಮೇಡಂ ನಮ್ಮನೆಯವರನ್ನೂ ಒಳಗೆ ಕರೆದು ಕೂರಿಸಿದರು. ಒಂದು ಹಾಳೆ ತಗೊಂಡು ಗೆರೆ ಎಳೆದು ವಾರಗಳನ್ನು ಬರೆದರು. ಮಗುವಿನ ಮಿದುಳು ಮತ್ತು ಬೆನ್ನುಹುರಿ ಮೊದಲು ಒಂದು ಸಣ್ಣ ಕೊಳವೆಯ ರೂಪದಲ್ಲಿ ಇರುತ್ತದಂತೆ. ಗರ್ಭ ಕಟ್ಟಿದ 28 ದಿನದೊಳಗೆ ಆ ಕೊಳವೆ ಮುಚ್ಚಿಕೊಳ್ಳಬೇಕು. ಡೇಟ್ ನಿಂತಿದೆ ಅಂತ ಗೊತ್ತಾಗುವಷ್ಟರಲ್ಲೇ ಅದರಲ್ಲಿ ಅರ್ಧದಷ್ಟು ದಿನಗಳು ಕಳೆದಿರುತ್ತವೆ. ಒಂದು ವಾರ ಕಾಯೋಣ ಅಂತ ಕಾದು, ಮನೆಯಲ್ಲೇ ಟೆಸ್ಟ್ ಮಾಡಿ, ಡಾಕ್ಟ್ರ ಹತ್ರ ಹೋಗುವಷ್ಟರಲ್ಲಿ ಆ ಕೆಲಸ ಹೆಚ್ಚುಕಡಿಮೆ ಮುಗಿದೇ ಹೋಗಿರುತ್ತೆ. ವಾಲ್ಪ್ರೊಯೇಟ್ ಪೆಟ್ಟು ಕೊಡೋ ಜಾಗಗಳಲ್ಲಿ ಇದೂ ಒಂದು. ಬೆನ್ನುಮೂಳೆ ಸರಿಯಾಗಿ ಮುಚ್ಚದೆ ಮಗು ಹುಟ್ಟಬಹುದು. ಹಾಗಾಗಿ "ಬಸುರಿ ಆದ ಮೇಲೆ ನಿಲ್ಲಿಸೋಣ" ಅನ್ನೋದು ಈ ಗುಳಿಗೆಗೆ ತೀರಾ ತಡ.

ಲೆಕ್ಕವನ್ನೂ ಹೇಳಿದರು. ಯಾವ ಔಷಧಿಯನ್ನೂ ತಗೊಳ್ಳದ ತಾಯಂದಿರಲ್ಲೂ 100 ಮಕ್ಕಳಲ್ಲಿ 2ರಿಂದ 3 ಮಕ್ಕಳಿಗೆ ಹುಟ್ಟುವಾಗಲೇ ಏನಾದರೂ ದೊಡ್ಡ ದೋಷ ಇರುತ್ತದೆ. ವಾಲ್ಪ್ರೊಯೇಟ್ ತಗೊಂಡವರಲ್ಲಿ ಅದು 100ಕ್ಕೆ ಸುಮಾರು 10. ಡೋಸ್ ಜಾಸ್ತಿ ಇದ್ದಷ್ಟೂ ಅಪಾಯ ಜಾಸ್ತಿ. ಬೆನ್ನುಮೂಳೆ ಸರಿ ಇದ್ದು ಹುಟ್ಟಿದ ಮಕ್ಕಳಲ್ಲೂ 100ಕ್ಕೆ 30ರಿಂದ 40 ಮಕ್ಕಳಿಗೆ ಮಾತು ತಡ, ಕಲಿಕೆ ಕಷ್ಟ, ಆಟಿಸಂ ತರಹದ ತೊಂದರೆ ಬರಬಹುದು. ಅದು ಯಾವ ಸ್ಕ್ಯಾನಿನಲ್ಲೂ ಕಾಣೋದಿಲ್ಲ. ಯುರೋಪಿನಲ್ಲಿ 2018ರಿಂದ ಮಗು ಆಗುವ ವಯಸ್ಸಿನ ಹೆಂಗಸರಿಗೆ ಈ ಔಷಧಿ ಕೊಡೋಕೆ ಬಹಳ ಬಿಗಿ ನಿಯಮ ಇದೆ. ಇದನ್ನೆಲ್ಲ ಕೇಳಿ ನನಗೆ ಕಣ್ಣೀರು ಬಂತು. ಇಷ್ಟು ವರ್ಷ ನನ್ನನ್ನು ಕಾಪಾಡಿದ ಗುಳಿಗೆ ಅಲ್ವಾ ಅದು.

ಹಾಗಿದ್ರೆ ಇವತ್ತಿಂದಲೇ ನಿಲ್ಲಿಸ್ತೀನಿ ಅಂದೆ. ಮೇಡಂ ಪೆನ್ನು ಕೆಳಗಿಟ್ಟು, "ಅದೊಂದು ಮಾತ್ರ ಮಾಡಬೇಡಮ್ಮ" ಅಂದರು. ಅಮೆರಿಕದಲ್ಲಿ 2007ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಬೈಪೋಲಾರ್ ಇದ್ದ ಬಸುರಿಯರಲ್ಲಿ ಔಷಧಿ ನಿಲ್ಲಿಸಿದವರಿಗೆ 100ಕ್ಕೆ ಸುಮಾರು 85 ಮಂದಿಗೆ ಕಾಯಿಲೆ ಮರುಕಳಿಸಿತ್ತು. ಮುಂದುವರಿಸಿದವರಲ್ಲಿ ಅದು 37. ದಿಢೀರ್ ಅಂತ ಬಿಟ್ಟವರಿಗೆ ಇನ್ನೂ ಬೇಗ ಮರುಕಳಿಸಿತ್ತು. ಕಾಯಿಲೆ ತಿರುಗಿ ಬಂದರೆ ಊಟ, ನಿದ್ದೆ, ತಪಾಸಣೆ ಎಲ್ಲ ತಪ್ಪುತ್ತೆ, ಕೊನೆಗೆ ಆಸ್ಪತ್ರೆಗೆ ಸೇರಿ ಬಸಿರಿನಲ್ಲೇ ಜಾಸ್ತಿ ಡೋಸಿನ ಔಷಧಿ ತಗೊಳ್ಳಬೇಕಾಗುತ್ತೆ, ಆಗ ಮಗುವಿಗೆ ಕಾಯಿಲೆಯ ಪೆಟ್ಟೂ ಬಿತ್ತು, ಔಷಧಿಯ ಪೆಟ್ಟೂ ಬಿತ್ತು. ಅದುವರೆಗೆ ನಾನು ಮನಸ್ಸಿನಲ್ಲಿ ತಕ್ಕಡಿಯ ಒಂದೇ ತಟ್ಟೆ ನೋಡ್ತಾ ಇದ್ದೆ. ಗುಳಿಗೆಯ ಅಪಾಯ ಎಷ್ಟು ಅಂತ. ಗುಳಿಗೆ ಇಲ್ಲದಿದ್ದರೆ ಆಗೋ ಅಪಾಯ ಎಷ್ಟು ಅಂತ ಯಾರೂ ಇನ್ನೊಂದು ತಟ್ಟೆಗೆ ಹಾಕಿ ತೋರಿಸಿರಲಿಲ್ಲ.

ಬೇರೆ ದಾರಿಗಳ ಬಗ್ಗೆ ಮಾತಾಯಿತು. ಲಿಥಿಯಂ ಬಗ್ಗೆ ನಾನೇ ಕೇಳಿದೆ, ಮಗುವಿನ ಹೃದಯಕ್ಕೆ ತೊಂದರೆ ಅಂತ ಓದಿದ್ದೆ. ಮೊದಲು ಇದ್ದ ಭಯ ಬಹಳ ದೊಡ್ಡದು, 2017ರ ಒಂದು ದೊಡ್ಡ ಅಧ್ಯಯನದಲ್ಲಿ ಲಿಥಿಯಂ ತಗೊಂಡವರಲ್ಲಿ ಹೃದಯದ ದೋಷ 100ಕ್ಕೆ 2.4ರಷ್ಟು, ತಗೊಳ್ಳದವರಲ್ಲಿ 1.15ರಷ್ಟು ಕಂಡಿತ್ತು, ಡೋಸ್ ಕಡಿಮೆ ಇದ್ದಾಗ ಅಪಾಯವೂ ಕಡಿಮೆ ಅಂತ ಬಿಡಿಸಿ ಹೇಳಿದರು. ಕೆಲವರಿಗೆ ಅದೇ ಸರಿಯಾದ ಔಷಧಿ. ನನಗೆ ಅವರು ಆರಿಸಿದ್ದು ಲ್ಯಾಮೊಟ್ರಿಜಿನ್, ಜೊತೆಗೆ ರಾತ್ರಿ ಕ್ವೆಟಿಯಾಪಿನ್. ಲ್ಯಾಮೊಟ್ರಿಜಿನ್ ತಗೊಂಡ ಬಸುರಿಯರ ಮಕ್ಕಳಲ್ಲಿ ದೋಷದ ಪ್ರಮಾಣ ಸಾಮಾನ್ಯ 2–3ರ ಹತ್ತಿರವೇ ಇದೆ. ಆದರೆ ಅದು ಕುಗ್ಗುವಿಕೆ ತಡೆಯುವಷ್ಟು ಚೆನ್ನಾಗಿ ಉನ್ಮಾದ ತಡೆಯೋದಿಲ್ಲ. ಅದಕ್ಕೇ ಎರಡನೇ ಗುಳಿಗೆ.

ಬದಲಾಯಿಸೋದು ಅಂದರೆ ಒಂದು ಡಬ್ಬಿ ಮುಚ್ಚಿ ಇನ್ನೊಂದು ತೆಗೆಯೋದು ಅಂತ ನಾವು ತಿಳಿದಿದ್ದೆವು. ತಿಂಗಳುಗಳೇ ಹಿಡಿದವು. ಲ್ಯಾಮೊಟ್ರಿಜಿನನ್ನು ಬೇಗ ಏರಿಸಿದರೆ ಮೈಮೇಲೆ ಕೆಟ್ಟ ದದ್ದು ಏಳಬಹುದು, ಕೆಲವೊಮ್ಮೆ ಜೀವಕ್ಕೇ ಅಪಾಯ. ಅದರ ಮೇಲೆ ವಾಲ್ಪ್ರೊಯೇಟ್ ಮೈಯಲ್ಲಿದ್ದರೆ ಲ್ಯಾಮೊಟ್ರಿಜಿನ್ ಬೇಗ ಕರಗಿ ಹೋಗೋದಿಲ್ಲ, ಮಟ್ಟ ಹೆಚ್ಚುಕಡಿಮೆ ದುಪ್ಪಟ್ಟಾಗುತ್ತೆ. ಹಾಗಾಗಿ ದಿನ ಬಿಟ್ಟು ದಿನ ಒಂದು ಸಣ್ಣ ಗುಳಿಗೆಯಿಂದ ಶುರು. ಅತ್ತ ಒಂದು ಸ್ವಲ್ಪ ಸ್ವಲ್ಪ ಇಳೀತಾ ಬಂತು, ಇತ್ತ ಇನ್ನೊಂದು ಏರ್ತಾ ಹೋಯಿತು. ದಿನಾ ಸ್ನಾನಕ್ಕೆ ಹೋದಾಗ ಕೈಕಾಲು, ಬೆನ್ನು ನೋಡಿಕೊಳ್ಳೋದು ಅಭ್ಯಾಸವಾಗಿಬಿಟ್ಟಿತು. ಈ ಸಮಯದಲ್ಲಿ ಗರ್ಭ ನಿಲ್ಲಲೇಬಾರದು ಅಂತ ಮೇಡಂ ಖಡಾಖಂಡಿತ ಹೇಳಿದ್ದರು. ಗರ್ಭ ತಡೆಯುವ ಮಾಮೂಲಿ ಗುಳಿಗೆ ಲ್ಯಾಮೊಟ್ರಿಜಿನ್ ಮಟ್ಟವನ್ನು ಇಳಿಸುತ್ತದೆ, ಅದಕ್ಕೆ ಅದು ಬೇಡ, ಬೇರೆ ವಿಧಾನ ಅಂತ ತೀರ್ಮಾನವಾಯಿತು.

ಆ ಕೊಳವೆ ಸರಿಯಾಗಿ ಮುಚ್ಚೋಕೆ ನೆರವಾಗೋ ಫೋಲಿಕ್ ಆಸಿಡ್ ಅನ್ನೋ ವಿಟಮಿನ್ ಕೂಡ ಆಗಲೇ ಶುರು. ಸಾಮಾನ್ಯವಾಗಿ ಕೊಡೋದಕ್ಕಿಂತ ಜಾಸ್ತಿ, ದಿನಕ್ಕೆ 5 ಮಿಲಿಗ್ರಾಂ. ಇದನ್ನು ಗರ್ಭ ನಿಲ್ಲುವ ಮುಂಚೆಯೇ ಶುರು ಮಾಡಬೇಕು, ಕಾರಣ ಅದೇ 28 ದಿನದ ಲೆಕ್ಕ. ಇಲ್ಲೊಂದು ಮಾತು ಸೇರಿಸ್ತೀನಿ, ಯಾಕಂದರೆ ಗೊತ್ತಿರೋ ಹಲವರು ಇದನ್ನು ತಪ್ಪಾಗಿ ಹೇಳ್ತಾರೆ. ಫೋಲಿಕ್ ಆಸಿಡ್ ನುಂಗಿಬಿಟ್ಟರೆ ವಾಲ್ಪ್ರೊಯೇಟ್ ಅಪಾಯ ಹೋಗುತ್ತೆ ಅಂತ ಇಲ್ಲ.

ಈ ತಿಂಗಳುಗಳು ನನಗೆ ಬಸಿರಿಗಿಂತ ಕಷ್ಟ ಆದವು. ಮದುವೆಯಾಗಿ ಇಷ್ಟು ದಿನ ಆಯ್ತು, ಏನಾದ್ರೂ ವಿಶೇಷ ಇದೆಯಾ ಅಂತ ಕೇಳೋರು ಮನೆ ತುಂಬ. ಆ ವರ್ಷ ದುಗ್ಗಮ್ಮನ ಜಾತ್ರೆ ಬೇರೆ. ದಾವಣಗೆರೆಯವರಿಗೆ ಹೇಳಬೇಕಾಗಿಲ್ಲ, ಎರಡು ವರ್ಷಕ್ಕೊಮ್ಮೆ ಬರೋ ಜಾತ್ರೆ, ಮನೆಮನೆಯಲ್ಲೂ ನೆಂಟರು, ರಾತ್ರಿಯೆಲ್ಲ ಓಡಾಟ. ನನ್ನ ಕಾಯಿಲೆಗೆ ನಿದ್ದೆ ಕೆಡೋದು ಅಂದರೆ ಬಾಗಿಲು ತೆರೆದುಕೊಟ್ಟ ಹಾಗೆ, ಅದೂ ಔಷಧಿ ಬದಲಾಗ್ತಿರೋ ಹೊತ್ತಿನಲ್ಲಿ. ಅತ್ತೆ ಯಾರಿಗೂ ಕಾರಣ ಬಿಡಿಸಿ ಹೇಳಲಿಲ್ಲ. ರಾತ್ರಿ ಹತ್ತಾಗುತ್ತಲೇ "ಅವಳಿಗೆ ತಲೆನೋವು, ಮಲಗ್ಲಿ ಬಿಡ್ರಿ" ಅಂತ ಹಿಂದಿನ ಕೋಣೆಗೆ ಕಳಿಸಿ ಬಾಗಿಲು ಹಾಕಿಕೊಂಡು ಹೋಗ್ತಿದ್ದರು. ವಿಶೇಷ ಕೇಳಿದೋರಿಗೆಲ್ಲ "ಆಗುತ್ತೆ ಬಿಡ್ರಿ, ಏನ್ ಅವಸರ" ಅಂತ ಅವರೇ ಉತ್ತರ ಕೊಟ್ಟರು. ಆ ಋಣ ನಾನು ಮರೆಯೋದಿಲ್ಲ.

ವಾಲ್ಪ್ರೊಯೇಟ್ ಪೂರ್ತಿ ನಿಂತು, ಹೊಸ ಗುಳಿಗೆಯಲ್ಲಿ ಕೆಲವು ತಿಂಗಳು ಮನಸ್ಸು ಸಮವಾಗಿ ಇದ್ದ ಮೇಲೆ ಮೇಡಂ ಹೂಂ ಅಂದರು. ಗರ್ಭ ನಿಂತಿದ್ದು ಗೊತ್ತಾದ ದಿನವೇ ಅವರಿಗೂ ಹೆರಿಗೆ ಡಾಕ್ಟ್ರಿಗೂ ಹೇಳಿದೆವು. ಆಶಾ ಅಕ್ಕ ಬಂದು ತಾಯಿ ಕಾರ್ಡ್ ಮಾಡಿಸಿಕೊಟ್ಟರು. ಅದರಲ್ಲಿ ಈ ಗುಳಿಗೆಗಳ ಹೆಸರೂ ಬರೆಸಿದೆ. ಯಾವ ಆಸ್ಪತ್ರೆಗೆ ಯಾವ ಹೊತ್ತಲ್ಲಿ ಹೋದರೂ ಕಾರ್ಡು ನೋಡಿದವರಿಗೆ ತಿಳಿಯಬೇಕು ಅಂತ.

ಒಂದು ಔಷಧಿ ಅಂಗಡಿಯಲ್ಲಿ ಚೀಟಿ ನೋಡಿ ನನ್ನ ಹೊಟ್ಟೆ ನೋಡಿ, "ಅಕ್ಕಾ, ಇದು ಬಸುರಿಯರಿಗೆ ಕೊಡೋ ಹಂಗಿಲ್ಲ" ಅಂದರು. ಆ ರಾತ್ರಿ ಮೊಬೈಲಿನಲ್ಲಿ ಹುಡುಕಿದರೆ ಎರಡು ಗುಳಿಗೆಯ ಹೆಸರಿನ ಮುಂದೆಯೂ 'ಸಿ' ಅಂತ ಒಂದು ಅಕ್ಷರ. ಎ ಅಂದರೆ ಒಳ್ಳೆಯದು, ಸಿ ಅಂದರೆ ಕೆಟ್ಟದ್ದು ಅಂತ ನಾನು ಅಂದುಕೊಂಡೆ. ಮೇಡಂಗೆ ತೋರಿಸಿದಾಗ, ಅಮೆರಿಕದವರು ಮಾಡಿದ ಆ ಎ, ಬಿ, ಸಿ, ಡಿ, ಎಕ್ಸ್ ಪದ್ಧತಿಯನ್ನು ಅವರೇ 2015ರಿಂದ ಕೈಬಿಟ್ಟಿದ್ದಾರೆ ಅಂದರು. ಒಂದೇ ಅಕ್ಷರದಲ್ಲಿ ಡೋಸ್ ಎಷ್ಟು, ಯಾವ ತಿಂಗಳು, ಕಾಯಿಲೆ ಎಷ್ಟು ಜೋರು ಯಾವುದೂ ಬರೋದಿಲ್ಲ, ಜನ ತಪ್ಪು ತಿಳ್ಕೊಳ್ತಾರೆ ಅಂತ. ಈಗಲೂ ಹುಡುಕಿದರೆ ಆ ಅಕ್ಷರಗಳೇ ಮೊದಲು ಸಿಗ್ತವೆ. ನೋಡಿ ಗಾಬರಿಯಾಗಬೇಡಿ.

ಮೇಡಂ ಕ್ಲಿನಿಕ್ಕಿನ ಬೆಂಚಿನ ಮೇಲೆ ಹೊನ್ನಾಳಿ ಕಡೆಯ ಒಬ್ಬರು ಪರಿಚಯವಾಗಿದ್ದರು. ಅವರಿಗೆ ಖಿನ್ನತೆ, ಸರ್ಟ್ರಲೀನ್ ತಗೊಳ್ತಿದ್ದರು. ಊರಲ್ಲಿ ಯಾರೋ ಈ ಗುಳಿಗೆಯಿಂದ ಮಗು ಬುದ್ಧಿಮಾಂದ್ಯ ಆಗುತ್ತೆ ಅಂದಿದ್ದರಂತೆ. ವಾಲ್ಪ್ರೊಯೇಟಿನ ಅಪಾಯವನ್ನೇ ಎಲ್ಲ ಮಾನಸಿಕ ಗುಳಿಗೆಗಳಿಗೂ ಹಚ್ಚಿ ಮಾತಾಡೋದು ಎಷ್ಟು ಸುಲಭ ನೋಡಿ. ಸರ್ಟ್ರಲೀನ್ ಬಸಿರಿನಲ್ಲಿ ಹೆಚ್ಚು ಬಳಕೆಯಲ್ಲಿರೋ ಖಿನ್ನತೆ ಔಷಧಿಗಳಲ್ಲಿ ಒಂದು. ಅದರಲ್ಲಿ ಗಮನ ಇಡಬೇಕಾದ್ದು ಹುಟ್ಟಿದ ಮೇಲಿನ ಮೊದಲ ದಿನಗಳು. ಈ ಗುಂಪಿನ ಔಷಧಿ ಕೊನೆಯ ತಿಂಗಳವರೆಗೂ ತಗೊಂಡ ತಾಯಂದಿರ 100 ಮಕ್ಕಳಲ್ಲಿ ಸುಮಾರು 30 ಮಕ್ಕಳು ಮೊದಲ ಕೆಲವು ದಿನ ಸ್ವಲ್ಪ ನಡುಗಬಹುದು, ಜಾಸ್ತಿ ಅಳಬಹುದು, ಹಾಲು ಸರಿಯಾಗಿ ಎಳೆಯದಿರಬಹುದು. ಸಾಮಾನ್ಯವಾಗಿ ತಾನಾಗೇ ಸರಿಹೋಗುತ್ತೆ. ಉಸಿರಾಟದ ಒಂದು ಗಂಭೀರ ತೊಂದರೆಯೂ ಇದೆ, ಅದು 1,000 ಮಕ್ಕಳಲ್ಲಿ 2ರಿಂದ 3ಕ್ಕೆ ಏರುತ್ತೆ. ಅದಕ್ಕೇ ಮನೆಯಲ್ಲಿ ಹೆರಿಗೆ ಬೇಡ, ಮಕ್ಕಳ ಡಾಕ್ಟ್ರು ಇರೋ ಕಡೆ ಆಗಲಿ ಅನ್ನೋದು. ಅವರಿಗೆ ಹೆಣ್ಣುಮಗು, ಆರಾಮಾಗಿದ್ದಾಳೆ ಅಂತ ಆಮೇಲೆ ಫೋನ್ ಮಾಡಿ ಹೇಳಿದರು.

ನನ್ನ ಬಸಿರಿನಲ್ಲಿ ಮನೆಯವರನ್ನು ಜಾಸ್ತಿ ಹೆದರಿಸಿದ್ದು ಲ್ಯಾಮೊಟ್ರಿಜಿನ್ ಡೋಸ್ ಏರಿಸಿದ್ದು. ಬಸುರಿ ಅಂದಮೇಲೆ ಕಡಿಮೆ ಮಾಡಬೇಕು ಅಲ್ವಾ, ಇವರು ಯಾಕೆ ಜಾಸ್ತಿ ಮಾಡ್ತಾರೆ ಅಂತ ಅತ್ತೆ ಕೇಳಿದರು. ಕೇಳಿದ್ದು ನ್ಯಾಯವೇ. ಬಸಿರಿನಲ್ಲಿ ಈಸ್ಟ್ರೋಜನ್ ಅನ್ನೋ ಹಾರ್ಮೋನು ಏರಿದ ಹಾಗೆ ಯಕೃತ್ತು ಈ ಔಷಧಿಯನ್ನು ಬೇಗ ಬೇಗ ಕರಗಿಸಿ ಹೊರಗೆ ಹಾಕುತ್ತೆ. ಕೆಲವರಲ್ಲಿ ರಕ್ತದಲ್ಲಿರೋ ಮಟ್ಟ ಅರ್ಧಕ್ಕೂ ಕೆಳಗೆ ಇಳಿಯುತ್ತೆ. ಅಂದರೆ ಹಳೇ ಡೋಸನ್ನೇ ನುಂಗುತ್ತಿದ್ದರೂ ಮೈಗೆ ಸಿಗ್ತಾ ಇರೋದು ಅರ್ಧ ಮಾತ್ರ. ಆ ಹೊತ್ತಿಗೆ ನನಗೂ ಬೆಳಗಾದರೆ ಏಳೋಕೆ ಮನಸ್ಸಿಲ್ಲ, ಅಡುಗೆಮನೆಯಲ್ಲಿ ನಿಂತರೆ ಸುಮ್ನೆ ಅಳು. ಏರಿಸಿದ ಮೇಲೆ ನಿಧಾನಕ್ಕೆ ಸರಿಯಾಯಿತು. ಅತ್ತೆ ಒಮ್ಮೆ ನನ್ನ ಜೊತೆ ಬಂದು ಮೇಡಂ ಬಾಯಿಂದಲೇ ಇದನ್ನು ಕೇಳಿದರು. ಆಮೇಲೆ ರಾತ್ರಿ ಗುಳಿಗೆ ಮರೆತೆಯೇನವ್ವಾ ಅಂತ ಕೇಳೋದು ಅವರೇ.

ಸ್ಕ್ಯಾನುಗಳು ಎಲ್ಲರಿಗೂ ಆಗೋ ಹಾಗೆ ಆದವು. 18ರಿಂದ 20 ವಾರದ ನಡುವೆ ಮಾಡೋ ಸ್ಕ್ಯಾನಿನಲ್ಲಿ ಬೆನ್ನುಮೂಳೆಯನ್ನು ಮೇಲಿಂದ ಕೆಳಗಿನವರೆಗೆ ನಿಧಾನಕ್ಕೆ ನೋಡಿ, ಹೃದಯದ ನಾಲ್ಕೂ ಕೋಣೆ ನೋಡಿ, ಸರಿ ಇದೆ ಅಂದರು. ನಮ್ಮನೆಯವರು ಹೊರಗೆ ಬಂದವರೇ ಯಾರಿಗೂ ಹೇಳದೆ ಹೋಗಿ ಬೆಣ್ಣೆದೋಸೆ ಕಟ್ಟಿಸಿಕೊಂಡು ಬಂದರು. ಕ್ವೆಟಿಯಾಪಿನ್ ತೂಕ ಮತ್ತು ಸಕ್ಕರೆ ಏರಿಸಬಹುದು ಅನ್ನೋ ಕಾರಣಕ್ಕೆ, 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆ ಬಿಟ್ಟು ರಕ್ತ ನೋಡೋ ಪರೀಕ್ಷೆಯನ್ನು ನನಗೆ ಬೇಗ ಒಮ್ಮೆ, ಆರನೇ ತಿಂಗಳಲ್ಲಿ ಇನ್ನೊಮ್ಮೆ ಮಾಡಿದರು. 140ರ ಒಳಗೇ ಇತ್ತು, ಆದರೂ ಮಂಡಕ್ಕಿ ಮೆಣಸಿನಕಾಯಿಗೆ ಕಡಿವಾಣ ಬಿತ್ತು.

ಹೆರಿಗೆಗಿಂತ ಮೇಡಂಗೆ ಚಿಂತೆ ಇದ್ದದ್ದು ಹೆರಿಗೆ ಆದ ಮೇಲಿನ ವಾರಗಳದ್ದು. ಹೆರಿಗೆಯಾದ 1,000 ಹೆಂಗಸರಲ್ಲಿ 1ರಿಂದ 2 ಮಂದಿಗೆ ಬಾಣಂತಿ ಸನ್ನಿ ಬರುತ್ತೆ. ಬೈಪೋಲಾರ್ ಇದ್ದವರಲ್ಲಿ ಅದು 5ರಲ್ಲಿ ಒಬ್ಬರಿಗೆ ಬರಬಹುದು. ನಮ್ಮ ಕಡೆ ಇದಕ್ಕೆ ಗಾಳಿ, ಸೋಂಕು ಅಂತ ಹೇಳಿ ತಾಯತ ಕಟ್ಟಿಸಿ ದಿನ ಕಳೆಯೋರು ಇನ್ನೂ ಇದ್ದಾರೆ. ಇದು ತುರ್ತಾಗಿ ಆಸ್ಪತ್ರೆಗೆ ಕರಕೊಂಡು ಹೋಗಬೇಕಾದ ಕಾಯಿಲೆ.

ಅದಕ್ಕೆ ಎಂಟನೇ ತಿಂಗಳಲ್ಲೇ ಕೂತು ಎಲ್ಲ ನಿರ್ಧಾರ ಮಾಡಿದೆವು. ಬಾಣಂತನಕ್ಕೆ ತವರು ಜಗಳೂರಿಗೆ ಹೋಗೋದು ಪದ್ಧತಿ, ಆದರೆ ನಮ್ಮಮ್ಮನೇ ದಾವಣಗೆರೆಗೆ ಬರೋದು ಅಂತಾಯಿತು, ಇಬ್ಬರೂ ಡಾಕ್ಟ್ರು ಇಲ್ಲೇ ಇದ್ದಾರಲ್ಲ. ಅಮ್ಮನಿಗೆ ಇದು ಬೇಜಾರು, ಮಗಳ ಬಾಣಂತನವನ್ನು ಬೀಗರ ಮನೆಯಲ್ಲಿ ಮಾಡೋದಾ ಅಂತ. ಅತ್ತೆಯೇ ಫೋನ್ ಮಾಡಿ "ನೀವು ಬರ್ರಿ, ಅಡುಗೆಮನೆ ನಿಮ್ದು" ಅಂದ ಮೇಲೆ ಒಪ್ಪಿದರು. ರಾತ್ರಿಯ ಒಂದು ಹಾಲು ಹಿಂಡಿಟ್ಟಿದ್ದನ್ನು ಅಮ್ಮ ಕುಡಿಸೋದು, ನನಗೆ ಒಂದೇ ಸಮ ಐದಾರು ಗಂಟೆ ನಿದ್ದೆ ಸಿಗಲೇಬೇಕು ಅಂತ ತೀರ್ಮಾನ. ನನ್ನ ಕಾಯಿಲೆಯ ಮೊದಲ ಲಕ್ಷಣಗಳನ್ನು ನಮ್ಮನೆಯವರು ಹಾಳೆಯಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿದರು. ನಿದ್ದೆ ಮಾಡಿಲ್ಲ ಆದರೂ ಸುಸ್ತಿಲ್ಲ, ಒಂದರ ಮೇಲೊಂದು ಮಾತು, ಸಣ್ಣದಕ್ಕೆ ಜಗಳ. ಕೆಳಗೆ ಮೇಡಂ ನಂಬರು, ಅದರ ಕೆಳಗೆ ಟೆಲಿ ಮಾನಸ್ 14416. ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದಾದ ಸರ್ಕಾರದ ಸಹಾಯವಾಣಿ ಅದು. ತೀರಾ ಜೋರಾದರೆ ಬೆಂಗಳೂರಿನ ನಿಮ್ಹಾನ್ಸ್. ಅಲ್ಲಿ ತಾಯಿ ಮಗು ಇಬ್ಬರನ್ನೂ ಒಟ್ಟಿಗೆ ಇಟ್ಟುಕೊಂಡು ಚಿಕಿತ್ಸೆ ಕೊಡೋ ವಾರ್ಡ್ 2009ರಿಂದ ಇದೆ. ತಾಯಿ ಮಾನಸಿಕ ಚಿಕಿತ್ಸೆಗೆ ಸೇರಿದರೆ ಮೂರು ವರ್ಷದೊಳಗಿನ ಮಗುವನ್ನು ಸುಮ್ಮಸುಮ್ಮನೆ ಅವಳಿಂದ ಬೇರೆ ಮಾಡಬಾರದು ಅಂತ 2017ರ ಮಾನಸಿಕ ಆರೋಗ್ಯ ಕಾಯ್ದೆಯೇ ಹೇಳುತ್ತೆ. ಮಗುವನ್ನು ಕಿತ್ಕೊಳ್ತಾರೆ ಅನ್ನೋ ಭಯ ನನ್ನಲ್ಲಿ ಯಾವಾಗಲೂ ಇತ್ತು, ಇದನ್ನು ಕೇಳಿದ ಮೇಲೆ ಕಡಿಮೆ ಆಯಿತು.

ಮಗ ಹುಟ್ಟಿದ. ಮಕ್ಕಳ ಡಾಕ್ಟ್ರು ತಲೆಯಿಂದ ಕಾಲಿನವರೆಗೆ ನೋಡಿದರು. ಮೊದಲ ದಿನ ಸ್ವಲ್ಪ ನಿದ್ದೆಗಣ್ಣಲ್ಲಿದ್ದ, ಎಬ್ಬಿಸಿ ಹಾಲು ಕುಡಿಸಬೇಕಾಯಿತು, ಅಷ್ಟೇ. ಎದೆಹಾಲಿನಲ್ಲಿ ಲ್ಯಾಮೊಟ್ರಿಜಿನ್ ಸಾಕಷ್ಟು ಹೋಗುತ್ತೆ, ಕ್ವೆಟಿಯಾಪಿನ್ ಬಹಳ ಕಡಿಮೆ. ಕುಡಿಸಬಹುದು, ಆದರೆ ಮಗುವಿನ ಮೈಮೇಲೆ ದದ್ದು, ತೀರಾ ಮಂಪರು, ಹಾಲು ಎಳೆಯದಿರೋದು ಇವು ಕಂಡರೆ ತಕ್ಷಣ ಬನ್ನಿ ಅಂದಿದ್ದರು. ಕಾಣಲಿಲ್ಲ. ಬಸಿರಿನಲ್ಲಿ ಏರಿಸಿದ ಲ್ಯಾಮೊಟ್ರಿಜಿನ್ ಡೋಸನ್ನು ಹೆರಿಗೆಯಾದ ಕೂಡಲೇ ಹಂತಹಂತವಾಗಿ ಇಳಿಸಿದರು. ಹಾರ್ಮೋನು ಇಳಿದ ಮೇಲೆ ಅದೇ ಡೋಸ್ ಜಾಸ್ತಿಯಾಗಿ ತಲೆ ಸುತ್ತು, ಒಂದು ಎರಡಾಗಿ ಕಾಣೋದು ಶುರುವಾಗುತ್ತೆ. ಇದನ್ನು ಮರೆಯೋ ಸಾಧ್ಯತೆ ಜಾಸ್ತಿ, ಬಾಣಂತನದ ಗದ್ದಲದಲ್ಲಿ ಗುಳಿಗೆ ಚೀಟಿ ಯಾರು ನೋಡ್ತಾರೆ ಹೇಳಿ.

ಮನೆಗೆ ಬಂದ ಕೆಲವು ದಿನಕ್ಕೆ ಒಂದು ರಾತ್ರಿ ನಾನು ಮಲಗಲಿಲ್ಲ. ಮಗುವಿನ ಬಟ್ಟೆ ಎಲ್ಲ ತೆಗೆದು ಮಡಚಿ, ಮತ್ತೆ ತೆಗೆದು ಮಡಚಿ, ತೊಟ್ಟಿಲ ಶಾಸ್ತ್ರಕ್ಕೆ ಯಾರ್ಯಾರನ್ನು ಕರೀಬೇಕು ಅಂತ ಪಟ್ಟಿ ಬರೀತಾ ಕೂತಿದ್ದೆ. ನನಗೆ ಅದು ಖುಷಿ ಅಂತಲೇ ಅನಿಸಿತ್ತು. ಬೆಳಿಗ್ಗೆ ನಮ್ಮನೆಯವರು ಫ್ರಿಜ್ಜಿನ ಹಾಳೆ ನೋಡಿ, ನನ್ನ ಮುಖ ನೋಡಿ, ಮೇಡಂಗೆ ಫೋನ್ ಹಚ್ಚಿದರು. ಅವತ್ತೇ ಕ್ವೆಟಿಯಾಪಿನ್ ಏರಿಸಿದರು. ಅಮ್ಮ ಅತ್ತೆ ಇಬ್ಬರೂ ಸರದಿ ಮೇಲೆ ಮಗು ನೋಡಿಕೊಂಡರು, ಎರಡು ಮೂರು ರಾತ್ರಿ ನಾನು ಬೇರೆ ಕೋಣೆಯಲ್ಲಿ ಮಲಗಿದೆ. ಅಲ್ಲಿಗೇ ನಿಂತಿತು. ಆಸ್ಪತ್ರೆ ಬೇಕಾಗಲಿಲ್ಲ.

ಈಗ ಮಗ ಓಡಾಡ್ತಾನೆ, ಅಜ್ಜಿಯರಿಬ್ಬರ ಹೆಸರೂ ಕೂಗ್ತಾನೆ. ನನ್ನ ಗುಳಿಗೆ ನಡೀತಾ ಇದೆ.

ಹೋದ ತಿಂಗಳು ಚಳ್ಳಕೆರೆಯಲ್ಲಿರೋ ನನ್ನ ಚಿಕ್ಕಪ್ಪನ ಮಗಳು ಫೋನ್ ಮಾಡಿದ್ದಳು. ಅವಳಿಗೆ ಚಿಕ್ಕಂದಿನಿಂದ ಫಿಟ್ಸ್, ತಗೊಳ್ತಾ ಇರೋದು ಅದೇ ವಾಲ್ಪ್ರೊಯೇಟ್, ಮದುವೆ ಗೊತ್ತಾಗಿದೆ. ನಿಲ್ಲಿಸಿಬಿಡ್ಲಾ ಅಕ್ಕಾ ಅಂತ ಕೇಳಿದಳು. ನಿಲ್ಲಿಸಬೇಡ, ಒಮ್ಮೆಲೇ ಬಿಟ್ಟರೆ ಫಿಟ್ಸ್ ಬಿಡದೆ ಬಂದು ಜೀವಕ್ಕೆ ಕುತ್ತು, ಮದುವೆಗೆ ಮುಂಚೆಯೇ ನರರೋಗದ ಡಾಕ್ಟ್ರ ಹತ್ರ ಹೋಗಿ "ನನಗೆ ಮುಂದೆ ಮಗು ಬೇಕು, ಇದನ್ನು ಬದಲಾಯಿಸೋಕೆ ಆಗುತ್ತಾ" ಅಂತ ಅದೇ ಮಾತಲ್ಲಿ ಕೇಳು ಅಂದೆ. ಹೋಗಿ ಬಂದಿದ್ದಾಳೆ. ಬೇರೆ ಔಷಧಿ ಸಣ್ಣ ಡೋಸಿನಿಂದ ಶುರು ಮಾಡಿದ್ದಾರೆ, ಫೋಲಿಕ್ ಆಸಿಡ್ ಬರೆದುಕೊಟ್ಟಿದ್ದಾರೆ, ಮುಂದಿನ ಸಲ ಮದುವೆಯಾಗೋ ಹುಡುಗನನ್ನೂ ಕರೆದುಕೊಂಡು ಬಾ ಅಂದಿದ್ದಾರಂತೆ.